ಶಾಲಾ ಸಂಸತ್ತಿಗೆ ಕೆಲಸ ಕೊಡಿ



ಶಾಲೆ ಶುರುವಾದೊಡನೆ ನಮ್ಮ ಕಡೆ ಶಾಲಾ ಸಂಸತ್ತಿನ ಚುನಾವಣೆ ಜೋರು. ಮೊಬೈಲೇ ಮತಯಂತ್ರ, ಬೆರಳಿಗೆ ಶಾಯಿ, ಪ್ರಮಾಣವಚನ ಎಲ್ಲವೂ ಉಂಟು. ಆಮೇಲೆ ಮುಖ್ಯಮಂತ್ರಿಗೆ ಪ್ರಾರ್ಥನೆಯ ಸಾಲು ನೆಟ್ಟಗೆ ಮಾಡುವುದು, ಆಹಾರ ಮಂತ್ರಿಗೆ ಬಿಸಿಯೂಟದ ತಟ್ಟೆ ಎಣಿಸುವುದು, ಅಷ್ಟೇ ಖಾತೆ! ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲವೆಂದು ಹುಡುಗಿಯರು ಹೇಳಿದ್ದು ಯಾವ ಕಡತಕ್ಕೂ ಏರುವುದಿಲ್ಲ.

ಹೇಳಲು ಜಾಗವೇನೋ ಇದೆ. ಗ್ರಾಮ ಪಂಚಾಯ್ತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕೆಂದು ಸರ್ಕಾರವೇ ಹೇಳಿದೆ. ಭಾರತ 1992ರಲ್ಲಿ ಒಪ್ಪಿದ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿಯೂ ಮಕ್ಕಳ ಮಾತಿಗೆ ಬೆಲೆ ಕೊಡಿ ಎನ್ನುತ್ತದೆ. ಆದರೆ ಬಹಳ ಕಡೆ ಈ ಗ್ರಾಮಸಭೆಯಲ್ಲಿ ದೊಡ್ಡವರ ಭಾಷಣ, ಶಾಲು, ಫೋಟೊ ಮುಗಿಯುವಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.

ಈ ಸಲ ನಮ್ಮೂರು ಮುಗದದ ಸಭೆಯಲ್ಲಿ ಮೊದಲ ಮಾತು ಮಕ್ಕಳದ್ದಾಗಲಿ. ಹೋದ ಸಲ ಕೇಳಿದ್ದರಲ್ಲಿ ಎಷ್ಟಾಗಿದೆ ಎಂಬುದನ್ನು ಪಂಚಾಯ್ತಿ ಪಿಡಿಒ ಮಕ್ಕಳೆದುರೇ ಓದಿ ಹೇಳಲಿ. ಎಸ್‌ಡಿಎಂಸಿ ಸಭೆಗೂ ಶಾಲಾ ಸಂಸತ್ತಿನ ಒಬ್ಬಿಬ್ಬರನ್ನು ಕರೆದು, ಅವರು ಹೇಳಿದ್ದನ್ನು ನಡಾವಳಿಯಲ್ಲಿ ಬರೆಯಲಿ. ಮಕ್ಕಳ ಸಹಾಯವಾಣಿ 1098 ಅನ್ನು ಹೆಡ್ಮಾಸ್ತರ ಕೋಣೆಯೊಳಗಲ್ಲ, ಹುಡುಗರು ನೀರು ಕುಡಿಯುವ ನಳದ ಹತ್ತಿರ ದಪ್ಪ ಅಕ್ಷರದಲ್ಲಿ ಬರೆಸಲಿ.

– ಒಬ್ಬ ಪಾಲಕ, ಮುಗದ (ಧಾರವಾಡ ತಾಲ್ಲೂಕು)