ಒಗ್ಗರಣೆ ಒಗ್ಗದವರು

ಸಾವಿಲ್ಲದ ಮನೆಯಿಂದ ಸಾಸಿವೆಯನ್ನು ತರುವಂತೆ ಬುದ್ಧನು ಗೋತಮಿಗೆ ಹೇಳಿದ ಕಥೆಯನ್ನು ಅರಿಯದವರು ವಿರಳ. ಅದರಲ್ಲಿ ನಾವು ಸಾಮಾನ್ಯವಾಗಿ ಗಮನಿಸದ ಸಂಗತಿಯೊಂದುಂಟು. ಆಕೆಗೆ ಸಾವಿಲ್ಲದ ಮನೆ ದೊರೆಯಲಿಲ್ಲ, ನಿಜ. ಆದರೆ ಸಾಸಿವೆಗೆ ಮಾತ್ರ ಎಲ್ಲಿಯೂ ಕೊರತೆಯಿರಲಿಲ್ಲ. ನಮ್ಮ ಅಡುಗೆಮನೆಗಳ ಸ್ಥಿತಿ ಇಂದಿಗೂ ಹಾಗೆಯೇ ಇದೆ. ಸಾರು, ಹುಳಿ, ಪಲ್ಯ, ಗೊಜ್ಜು, ಚಿತ್ರಾನ್ನ, ಕೋಸಂಬರಿ, ಯಾವುದನ್ನು ಹೆಸರಿಸಿದರೂ ಸಾಸಿವೆ ಸಿಡಿದ ಬಳಿಕವೇ ಅದು ಪೂರ್ಣವಾದಂತೆ. ಇಂಥ ನಾಡಿನಲ್ಲಿ ಸಾಸಿವೆ ಒಗ್ಗದ ದೇಹವನ್ನು ಪಡೆದವರ ಪಾಡೇನೆಂಬುದನ್ನು ಕುರಿತು ವಾಚಕರೊಡನೆ ಕೆಲವು ಮಾತನ್ನಾಡಬಯಸುತ್ತೇವೆ.

ಆಹಾರ ಒಗ್ಗದೆಂದೊಡನೆ ನಮ್ಮ ಜನ ‘ನಂಜು’ ಎನ್ನುತ್ತಾರೆ. ಮಾತು ಹಳೆಯದು, ಬಹು ಸಡಿಲವಾದುದೂ ಹೌದು. ಗಾಯ ಕೀವಾದರೂ ನಂಜೇ, ಬದನೆಕಾಯಿ ತಿಂದು ಮೈ ತುರಿಸಿದರೂ ನಂಜೇ. ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ 1906ರಲ್ಲಿ ರಚಿಸಿದ ‘ಅಲರ್ಜಿ’ ಎಂಬ ಪದಕ್ಕೆ ಇಂದು ಹೆಚ್ಚು ಖಚಿತವಾದ ಅರ್ಥವಿದೆ. ಸಾಸಿವೆಯ ಖಾರಕ್ಕೂ ಅದಕ್ಕೂ ಸಂಬಂಧವಿಲ್ಲ. ಅರೆದ ಸಾಸಿವೆಯ ಘಾಟು ಮೂಗಿಗೇರುವುದು ಐಸೊಥಯೊಸಯನೇಟ್ ಎಂಬ ರಾಸಾಯನಿಕದಿಂದ. ಅದು ಯಾರ ಮೂಗನ್ನಾದರೂ ಕೆರಳಿಸೀತು. ಅಲರ್ಜಿಗೆ ಕಾರಣ ಕಾಳಿನಲ್ಲಿರುವ ಸಸಾರಜನಕ, ಅಂದರೆ ಪ್ರೋಟೀನು. ಕೆಲವರ ದೇಹವು ಅದನ್ನು ಶತ್ರುವೆಂದು ಬಗೆದು ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಟ್ಟುಕೊಳ್ಳುತ್ತದೆ. ಮತ್ತೊಮ್ಮೆ ಸಾಸಿವೆ ಒಳಹೊಕ್ಕಾಗ ದೇಹದ ಕೆಲವು ಕೋಶಗಳು ಹಿಸ್ಟಮೀನ್ ಮೊದಲಾದ ದ್ರವ್ಯಗಳನ್ನು ಒಮ್ಮೆಲೇ ಹೊರಚೆಲ್ಲುತ್ತವೆ. ಮೈಮೇಲೆ ದದ್ದು, ತುಟಿಯ ಬಾವು, ವಾಂತಿ, ಉಬ್ಬಸ. ಕೆಲವರಲ್ಲಿ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ. ಅಂಥ ಸಮಯದಲ್ಲಿ ಬೇಕಾದುದು ಅಡ್ರಿನಲಿನ್ ಚುಚ್ಚುಮದ್ದು ಮತ್ತು ಆಸ್ಪತ್ರೆ. ಮಜ್ಜಿಗೆಯೂ ಅಲ್ಲ, ತುಳಸಿಯ ರಸವೂ ಅಲ್ಲ. ಹಾಗೆಂದು ಊಟವಾದ ಮೇಲೆ ಹೊಟ್ಟೆಯುಬ್ಬರಿಸಿದವರೆಲ್ಲ ಈ ಹೆಸರನ್ನು ತಾವಾಗಿಯೇ ಅಂಟಿಸಿಕೊಳ್ಳತಕ್ಕದ್ದಲ್ಲ. ನಿರ್ಣಯಿಸಬೇಕಾದವರು ಚರ್ಮಪರೀಕ್ಷೆ, ರಕ್ತಪರೀಕ್ಷೆಗಳನ್ನು ನಡೆಸಬಲ್ಲ ವೈದ್ಯರು.

‘ಅಷ್ಟು ಕಾದ ಎಣ್ಣೆಯಲ್ಲಿ ಸಿಡಿದ ಮೇಲೆ ಅದರಲ್ಲಿ ಇನ್ನೇನು ಉಳಿದೀತು?’ ಎಂದು ನಮ್ಮನ್ನು ಅನೇಕರು ಕೇಳಿದ್ದಾರೆ. ಭೌತವಿಜ್ಞಾನವನ್ನು ಬೋಧಿಸುವವರಿಗೆ ಇದು ಸ್ವಾರಸ್ಯವಾದ ಪ್ರಶ್ನೆಯೇ. ಕಾಳಿನೊಳಗಿನ ತೇವ ಆವಿಯಾಗಿ, ಆವಿಯ ಒತ್ತಡವನ್ನು ತಾಳಲಾರದೆ ಸಿಪ್ಪೆ ಬಿರಿಯುವುದೇ ಸಿಡಿಯುವಿಕೆ. ಎಲ್ಲವೂ ಕೆಲವು ಕ್ಷಣಗಳ ಕೆಲಸ. ಅದಕ್ಕಿಂತ ಮುಖ್ಯವಾದುದು ಆ ಸಸಾರಜನಕದ ರಚನೆ. ಕೋಳಿಮೊಟ್ಟೆಯ ಬಿಳಿ ಕಾವು ತಗುಲಿದರೆ ಸುರುಳಿ ಬಿಚ್ಚಿ ಗಟ್ಟಿಯಾಗುತ್ತದೆ. ಮೊಟ್ಟೆ ಒಗ್ಗದ ಎಷ್ಟೋ ಮಕ್ಕಳು ಅದನ್ನು ಹಾಕಿ ಚೆನ್ನಾಗಿ ಬೇಯಿಸಿದ ಕೇಕನ್ನು ತಿಂದು ಅರಗಿಸಿಕೊಳ್ಳಬಲ್ಲರು. ಸಾಸಿವೆಯ ಮುಖ್ಯ ಅಲರ್ಜಿಕಾರಕದ ಅಣುವಾದರೋ ಚಿಕ್ಕದು. ಅದರ ಎರಡು ಸರಪಳಿಗಳನ್ನು ಗಂಧಕದ ಬಂಧಗಳು ಬಿಗಿದು ಹಿಡಿದಿವೆ. ಕುದಿಸಿದರೂ ಅದು ಸುಲಭವಾಗಿ ಆಕಾರಗೆಡದು. ಜಠರರಸಕ್ಕೂ ಬೇಗನೆ ಮಣಿಯದು. ಮೇಲಾಗಿ ಅದು ನೀರಿನಲ್ಲಿ ಕರಗುತ್ತದೆ. ಆದುದರಿಂದ ‘ಕಾಳುಗಳನ್ನು ಆಯ್ದು ಬದಿಗಿಟ್ಟು ಉಣ್ಣಿ’ ಎಂಬ ಸಲಹೆ, ಎಷ್ಟೇ ಅಕ್ಕರೆಯಿಂದ ಕೊಟ್ಟದ್ದಾದರೂ, ನಿರರ್ಥಕ. ಒಂದು ಕಾಳಿನ ತೂಕ ಎರಡು ಮೂರು ಮಿಲಿಗ್ರಾಂ. ಅದರಲ್ಲಿ ಸುಮಾರು ಕಾಲುಭಾಗ ಸಸಾರಜನಕ. ಅತಿ ಸೂಕ್ಷ್ಮ ದೇಹದವರನ್ನು ಕೆಡಿಸಲು ಕೆಲವೇ ಮಿಲಿಗ್ರಾಂ ಸಾಕು. ‘ಸಾಸಿವೆ ಕಾಳಿನಷ್ಟು’ ಎಂಬ ಮಾತಿಗೆ ಇವರ ಮನೆಗಳಲ್ಲಿ ಬೇರೆಯೇ ಅರ್ಥವಿದೆ.

ನಮ್ಮ ಮನೆಯೂ ಅವುಗಳಲ್ಲೊಂದು. ಒಂಬತ್ತು ವರ್ಷದ ಮಗಳು ಮದುವೆ ಮುಂಜಿಗಳಿಗೆ ಬುತ್ತಿ ಹಿಡಿದೇ ಬರುತ್ತಾಳೆ. ಪಂಕ್ತಿಯಲ್ಲಿ ಬುತ್ತಿ ಬಿಚ್ಚುವುದೆಂದರೆ ಕರೆದವರಿಗೆ ಅವಮಾನವೆಂದು ತಿಳಿಯುವ ಹಿರಿಯರುಂಟು. ‘ಒಂದು ಕಾಳಿಗೆ ಏನಾದೀತಮ್ಮಾ, ತಿನ್ನು’ ಎಂದು ಬಲವಂತಪಡಿಸುವ ಅಜ್ಜಿಯರಿಗೆ ಮಗು ಏನೆಂದು ಉತ್ತರಿಸಬೇಕು? ಕಳೆದ ವರ್ಷ ಒಂದು ಮದುವೆಯಲ್ಲಿ ಅಡಿಗೆಯ ಭಟ್ಟರಿಗೆ ವಿಷಯವನ್ನು ತಿಳಿಸಿದೆವು. ಅವರು ವಾದಕ್ಕೆ ನಿಲ್ಲಲಿಲ್ಲ. ‘ಸೌಟೂ ಬೇರೆಯೇ ಬೇಕೇನು, ಸ್ವಾಮಿ?’ ಎಂದು ಕೇಳಿ, ಒಗ್ಗರಣೆಗೆ ಮೊದಲೇ ಒಂದು ಪಾತ್ರೆ ತೊವ್ವೆಯನ್ನು ಎತ್ತಿಟ್ಟರು. ನಾವು ಕಂಡ ವಿದ್ಯಾವಂತರಲ್ಲಿ ಈ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಮಡಿಯ ಹೆಸರಿನಲ್ಲಿ ಪಾತ್ರೆಗಳನ್ನು ಬೇರ್ಪಡಿಸಲು ಬಲ್ಲ ಸಮಾಜಕ್ಕೆ ಸೌಟೊಂದನ್ನು ಬೇರ್ಪಡಿಸುವುದು ಕಷ್ಟವಾಗಬಾರದು. ನಮ್ಮ ಅಡುಗೆಯಲ್ಲಿ ಒಗ್ಗರಣೆ ಬಹುಮಟ್ಟಿಗೆ ಕೊನೆಯ ಕ್ರಿಯೆಯಾಗಿರುವುದು ಇಂಥವರ ಪುಣ್ಯ. ಸಾಸಿವೆಯನ್ನು ಹುರಿದು ಕುಟ್ಟಿ ಸೇರಿಸಿದ ಸಾರಿನ ಪುಡಿಗೂ ಉಪ್ಪಿನಕಾಯಿಗೂ ಈ ಉಪಾಯ ಸಲ್ಲದು.

ಅಂಗಡಿಯ ಪೊಟ್ಟಣಗಳ ಕಥೆಯೇ ಬೇರೆ. ಐರೋಪ್ಯ ಒಕ್ಕೂಟವು 2003ರಲ್ಲಿಯೇ ಸಾಸಿವೆಯನ್ನು ಕಡ್ಡಾಯವಾಗಿ ಘೋಷಿಸಬೇಕಾದ ಅಲರ್ಜಿಕಾರಕಗಳ ಪಟ್ಟಿಗೆ ಸೇರಿಸಿತು. ಕೆನಡಾದಲ್ಲಿ ಅಂಥದೇ ನಿಯಮ 2012ರಲ್ಲಿ ಜಾರಿಗೆ ಬಂತು. ನಮ್ಮ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2020ರಲ್ಲಿ ಹೊರಡಿಸಿದ ನಿಯಮಗಳ ಪಟ್ಟಿಯಲ್ಲಿ ಗೋಧಿಯಿದೆ, ಹಾಲಿದೆ, ಮೊಟ್ಟೆಯಿದೆ, ಮೀನಿದೆ, ಕಡಲೆಕಾಯಿ ಸೋಯಾಗಳಿವೆ, ಸಾಸಿವೆಯಿಲ್ಲ. ಅಷ್ಟೇ ಅಲ್ಲ, ‘ಮಿಶ್ರ ಸಾಂಬಾರ ಪದಾರ್ಥಗಳು’ ಎಂಬ ಒಂದೇ ಹೆಸರಿನಡಿ ಅದು ಅಡಗಿಕೊಳ್ಳಲು ಅವಕಾಶವೂ ಉಂಟು. ರೊಟ್ಟಿಗೆ ಸವರಿಕೊಳ್ಳುವವರ ನಾಡಿನಲ್ಲಿ ಘೋಷಣೆ ಕಡ್ಡಾಯ, ಹೊತ್ತುಹೊತ್ತಿಗೂ ಉಣ್ಣುವವರ ನಾಡಿನಲ್ಲಿ ಮೌನ! ಇದು ಸರಿಯಲ್ಲವೆಂದೇ ನಮ್ಮ ಅಭಿಪ್ರಾಯ. ಎಲ್ಲ ಪೊಟ್ಟಣಗಳ ಮೇಲೂ ‘ಸಾಸಿವೆಯಿದೆ’ ಎಂದೇ ಬರೆಯಬೇಕಾದೀತು, ಅದರಿಂದೇನು ಪ್ರಯೋಜನ ಎಂದು ಆಕ್ಷೇಪಿಸುವವರಿದ್ದಾರೆ. ಹಾಗೆ ಬರೆಯದ ಪೊಟ್ಟಣ ಹತ್ತರಲ್ಲಿ ಒಂದಿದ್ದರೂ ಇವರಿಗೆ ಬೇಕಾದುದು ಅದೊಂದೇ.

ಪುಡಿಯ ತಯಾರಕರೊಬ್ಬರಿಗೆ ನಾವು ಈ ಕುರಿತು ಕಾಗದ ಬರೆದೆವು. ಮಿಶ್ರಣದ ವಿವರ ವ್ಯಾಪಾರದ ಗುಟ್ಟೆಂದು ಉತ್ತರ ಬಂತು. ಯಾವ ಪದಾರ್ಥವನ್ನು ಎಷ್ಟೆಷ್ಟು ಹಾಕುತ್ತೀರೆಂದು ನಾವು ಕೇಳಿರಲಿಲ್ಲ. ಸಾಸಿವೆ ಇದೆಯೇ, ಇಲ್ಲವೇ ಎಂದಷ್ಟೇ ಕೇಳಿದ್ದೆವು.