ಸಿಗ್ನಲ್ ಫುಲ್, ಪೇಮೆಂಟ್ ಗಿರಗಿರ: ಟವರ್ ಕ್ಯೂನಲ್ಲಿ ಅಂಗಡಿಯವರು ಎಲ್ಲಿ ನಿಂತಿದ್ದಾರೆ?

ವಿಜಯನಗರ: ಸಂಜೆ ಏಳೂವರೆ, ಮಾರ್ಕೆಟ್‌ನಲ್ಲಿ ಕಾಲಿಡೋಕೆ ಜಾಗ ಇಲ್ಲ. ಗಿರಾಕಿ ಸ್ಕ್ಯಾನ್ ಮಾಡ್ತಾರೆ, ಸಿಗ್ನಲ್ ಕಡ್ಡಿ ಎಲ್ಲಾ ಇದೆ, ಪೇಮೆಂಟ್ ಸುತ್ತುತ್ತಲೇ ಇದೆ. ಅದೇ ಫೋನಿನಲ್ಲಿ ಕಾಲ್ ಮಾಡಿದ್ರೆ ಮಾತ್ರ ಹೋಗುತ್ತೆ. ಕೆಲವು ಸಲ ಇದು ಬ್ಯಾಂಕ್ ಸರ್ವರ್ ಸಮಸ್ಯೆ. ಕೆಲವು ಸಲ ಟವರ್‌ನಲ್ಲೇ ಕ್ಯೂ.

4ಜಿ ಟವರ್ ಸೆಕೆಂಡಿನ ಸಾವಿರದ ಒಂದು ಭಾಗಕ್ಕೊಮ್ಮೆ ಯಾರಿಗೆ ಎಷ್ಟು ಜಾಗ ಅಂತ ಹಂಚುತ್ತೆ. ಅದಕ್ಕೆ ಸೇವೆಗಳನ್ನು ವರ್ಗ ಮಾಡಲಾಗಿದೆ. ವೋಲ್ಟಿ ಕರೆ 1ನೇ ವರ್ಗ, ಸಾಮಾನ್ಯ ಇಂಟರ್ನೆಟ್ ಸಾಧಾರಣವಾಗಿ 9ನೇ ವರ್ಗ. ತಡವಾದ್ರೆ ಮಾತು ತುಂಡಾಗುತ್ತೆ, ಹಾಗಾಗಿ ಕರೆಗೆ ಮೊದಲ ಜಾಗ ಕೊಟ್ಟಿದ್ದಕ್ಕೆ ಯಾರದ್ದೂ ತಕರಾರಿಲ್ಲ. ಆದರೆ ನಲವತ್ತು ರೂಪಾಯಿ ಸೊಪ್ಪಿನ ಪೇಮೆಂಟೂ ಪಕ್ಕದವರ ರೀಲ್ಸೂ ಟವರ್‌ಗೆ ಒಂದೇ.

ಜಗಳ ಶುರುವಾಗೋದು ದುಡ್ಡಿನ ಮೇಲೆ ವರ್ಗ ಮಾಡಿದಾಗ. 2020ರ ಜುಲೈನಲ್ಲಿ ಏರ್‌ಟೆಲ್, 499 ರೂಪಾಯಿ ಮತ್ತು ಮೇಲಿನ ಪೋಸ್ಟ್‌ಪೇಯ್ಡ್‌ನವರಿಗೆ 'ಪ್ಲಾಟಿನಂ' ಅಂತ 4ಜಿ ಆದ್ಯತೆ ಕೊಡ್ತೀವಿ ಅಂದಿತು. ವೊಡಾಫೋನ್ ಐಡಿಯಾದ 'ರೆಡ್‌ಎಕ್ಸ್' ಅದಕ್ಕೂ ಮೊದಲೇ ಇತ್ತು. ಉಳಿದ ಗ್ರಾಹಕರ ಸೇವೆ ಕೆಡಿಸಿ ಇವರಿಗೆ ಕೊಡ್ತೀರಾ ಅಂತ ಟ್ರಾಯ್ ಪ್ರಶ್ನಿಸಿ, ಎರಡನ್ನೂ ತಡೆಹಿಡಿಯಲು ಹೇಳಿತು. ವೊಡಾಫೋನ್ ಐಡಿಯಾ ಟಿಡಿಸ್ಯಾಟ್‌ಗೆ ಹೋಗಿ ಮಧ್ಯಂತರ ತಡೆಯಾಜ್ಞೆ ತಂತು. ಪ್ರಶ್ನೆ ಮಾತ್ರ ಹಾಗೇ ಉಳೀತು. ಯಾಕಂದ್ರೆ 2018ರ ನೆಟ್ ನ್ಯೂಟ್ರಾಲಿಟಿ ನಿಯಮ ಇರೋದು ಒಂದು ವೆಬ್‌ಸೈಟ್, ಇನ್ನೊಂದು ವೆಬ್‌ಸೈಟ್ ನಡುವೆ ಭೇದ ಮಾಡಬೇಡಿ ಅಂತ. ಗ್ರಾಹಕ-ಗ್ರಾಹಕರ ನಡುವಿನ ಭೇದದ ಬಗ್ಗೆ ಅದರಲ್ಲಿ ನೇರ ಉತ್ತರ ಸಿಗಲ್ಲ.

5ಜಿಯಲ್ಲಿ ಇದು ಇನ್ನೂ ಸುಲಭ. ಒಂದೇ ನೆಟ್‌ವರ್ಕನ್ನು ಹೋಳು ಮಾಡಿ ಒಂದೊಂದು ಸೇವೆಗೆ ಕೊಡಬಹುದು, ಇದೇ 'ಸ್ಲೈಸಿಂಗ್'. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿಗೂ ಬಂದ ಜಿಯೋ ಏರ್‌ಫೈಬರ್, ಮನೆ ಇಂಟರ್ನೆಟ್ಟನ್ನು 5ಜಿ ಅಲೆಯಲ್ಲೇ ಕೊಡುತ್ತೆ. ಬಸವೇಶ್ವರನಗರದಲ್ಲಿ ಮೇಲಿನ ಮನೆಯ ಟಿವಿಯೂ ಕೆಳಗಿನ ಅಂಗಡಿಯ ಫೋನೂ ಒಂದೇ ಟವರ್ ಹಂಚಿಕೊಳ್ಳಬಹುದು. ಯಾರಿಗೆ ಎಷ್ಟು ಹೋಳು ಅನ್ನೋದು ಕಂಪನಿಯ ಒಳಲೆಕ್ಕ.

2024ರ ಗುಣಮಟ್ಟ ನಿಯಮದಂತೆ ಕಂಪನಿಗಳು ವೆಬ್‌ಸೈಟ್‌ನಲ್ಲಿ ಕವರೇಜ್ ಮ್ಯಾಪ್ ಹಾಕಬೇಕು. ಅದರಲ್ಲಿ ರಾಜಾಜಿನಗರದಿಂದ ಕೆಂಗೇರಿವರೆಗೆ ಸಿಗ್ನಲ್ ಎಲ್ಲಿದೆ ಅಂತ ನೋಡಬಹುದು, ಸಂಜೆಯ ಕ್ಯೂ ಅಲ್ಲ. ಸದ್ಯಕ್ಕೆ ಅಂಗಡಿಯವರ ಕೈಯಲ್ಲಿರೋದು ಬೇರೆ ಕಂಪನಿಯ ಎರಡನೇ ಸಿಮ್, ಇಲ್ಲಾ ಕೇಬಲ್ ಬ್ರಾಡ್‌ಬ್ಯಾಂಡ್ ವೈಫೈ. ತನ್ನದೇ ಸಿಮ್ ಇರೋ ಸೌಂಡ್‌ಬಾಕ್ಸ್‌ಗೆ ಅದೂ ಉಪಯೋಗಕ್ಕೆ ಬರಲ್ಲ.