ಎಂಟು ಕಾಲಿನ ಅತಿಥಿ

ಸ್ಟೇಷನ್ ರಸ್ತೆಯ ಅಂಚಿನಲ್ಲಿ ಮಲಗಿ ಮೆಲುಕು ಹಾಕುವ ಆಕಳನ್ನು ವಿಜಯಪುರದ ಯಾವ ಬಾಲಕ ಕಂಡಿಲ್ಲ? ಅದರ ಕಿವಿಯೊಳಗೆ, ಕೆಚ್ಚಲಿನ ಸಂದಿಯಲ್ಲಿ ಬೂದುಬಣ್ಣದ ಕಾಳಿನಂತೆ ಅಂಟಿಕೊಂಡಿರುವುದೇ ಉಣ್ಣೆ. ಮಲೆನಾಡಿಗರು ಇದನ್ನು ಉಣುಗು ಎನ್ನುವರು. ಕುರಿಯ ಉಣ್ಣೆಗೂ ಇದಕ್ಕೂ ಹೆಸರಿನ ನಂಟಲ್ಲದೆ ಬೇರೆ ನಂಟಿಲ್ಲ!

ಇದೊಂದು ಕೀಟವೆಂದು ಹಲವರ ಎಣಿಕೆ. ಕೀಟಕ್ಕೆ ಕಾಲು ಆರು. ಬೆಳೆದ ಉಣ್ಣೆಗೆ ಎಂಟು. ಆದುದರಿಂದ ಇದು ಜೇಡ, ಚೇಳುಗಳ ಬಳಗಕ್ಕೆ ಸೇರಿದುದು. ಆದರೆ ಮೊಟ್ಟೆಯೊಡೆದು ಬಂದ ಮರಿಗೆ ಆರೇ ಕಾಲು. ಒಮ್ಮೆ ರಕ್ತವುಂಡು ಪೊರೆ ಕಳಚಿದ ಮೇಲೆ ಇನ್ನೊಂದು ಜೊತೆ ಮೂಡುತ್ತದೆ. ಇದಕ್ಕೆ ರೆಕ್ಕೆಯಿಲ್ಲ, ನೆಗೆಯಲೂ ಬಾರದು. ಹುಲ್ಲಿನ ತುದಿಗೇರಿ ಮುಂಗಾಲು ಚಾಚಿ ಕಾಯುವುದೇ ಅನೇಕ ಜಾತಿಯ ಉಣ್ಣೆಗಳ ಬೇಟೆಯ ಕ್ರಮ. ಆ ಮುಂಗಾಲುಗಳಲ್ಲಿಯೇ ಇದರ ಮೂಗು ಇದೆಯೆನ್ನಬಹುದು; ಪ್ರಾಣಿಯ ಉಸಿರಿನ ಇಂಗಾಲಾಮ್ಲ ವಾಯುವನ್ನು ಅವು ಗುರುತಿಸಬಲ್ಲವು. ಹೊಟ್ಟೆತುಂಬ ಉಂಡ ಹೆಣ್ಣು ನೆಲಕ್ಕುದುರಿ, ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ.

ಈ ಅಲ್ಪಜೀವಿ ನಮ್ಮ ನಾಡಿನ ಹೆಸರನ್ನು ವೈದ್ಯಗ್ರಂಥಗಳಲ್ಲಿ ಸೇರಿಸಿತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಹಾಸಿಗೆ ಹಿಡಿದರು. ಆಫ್ರಿಕದ ಹಳದಿ ಜ್ವರವು ಭಾರತಕ್ಕೂ ಕಾಲಿಟ್ಟಿತೇ ಎಂದು ತಜ್ಞರು ಶಂಕಿಸಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಸತ್ತ ಮಂಗದಿಂದ ಬೇರ್ಪಡಿಸಿದ ವೈರಸ್ಸಾದರೋ ಹೊಸತು. ಅದನ್ನು ಹೊತ್ತುದು ಸೊಳ್ಳೆಯಲ್ಲ, ಕಾಡಿನ ಉಣುಗು. ಜನ ಇದಕ್ಕೆ ಮಂಗನ ಕಾಯಿಲೆಯೆಂದು ಹೆಸರಿಟ್ಟರು. ಪಾಪ, ಮಂಗವೂ ನಮ್ಮಂತೆಯೇ ರೋಗಿ. ಅಪವಾದ ಮಾತ್ರ ಅದರ ತಲೆಗೆ!

ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡದು. ಮಂಗ ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುತ್ತವೆ. ಚಳಿಗಾಲ ಕಳೆದು ಬೇಸಿಗೆ ಬರುವ ತಿಂಗಳುಗಳಲ್ಲಿ, ತೀರ ಸಣ್ಣ ಗಾತ್ರದ ಎಳೆಯ ಉಣುಗುಗಳೇ ಜನರನ್ನು ಹೆಚ್ಚಾಗಿ ಕಚ್ಚುವವು. ಸೌದೆಗೆಂದು, ತರಗೆಲೆಗೆಂದು ಕಾಡಿಗೆ ಹೋಗುವ ಬಡವರೇ ಹೆಚ್ಚಾಗಿ ನರಳುವರು. ಹಿಂದೆ ಕೊಡುತ್ತಿದ್ದ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ರಜೆಯಲ್ಲಿ ಮಲೆನಾಡಿನ ನೆಂಟರ ಮನೆಗೆ ಹೋಗುವ ಮಕ್ಕಳೇ, ಸತ್ತ ಮಂಗದ ಬಳಿಗೆ ಹೋಗದೆ ಹಿರಿಯರಿಗೆ ತಿಳಿಸಿರಿ. ಕಾಡಿನಿಂದ ಬಂದೊಡನೆ ಬಟ್ಟೆ ಬದಲಿಸಿ, ಸ್ನಾನ ಮಾಡಿ, ಮಂಡಿಯ ಹಿಂದೆ, ಕಂಕುಳಲ್ಲಿ ನೋಡಿಕೊಳ್ಳಿರಿ. ಉಣುಗು ಹತ್ತಿದ್ದರೆ ಬೆಂಕಿ ತಾಗಿಸುವುದಾಗಲಿ, ಸೀಮೆಎಣ್ಣೆ ಹಚ್ಚುವುದಾಗಲಿ ಬೇಡ. ಬೆರಳಿನಿಂದ ಹಿಸುಕಲೂ ಬಾರದು. ಹಿರಿಯರು ಸಣ್ಣ ಚಿಮಟದಿಂದ ಚರ್ಮದ ಹತ್ತಿರವೇ ಹಿಡಿದು ಮೆಲ್ಲನೆ, ನೇರವಾಗಿ ಎಳೆದು ಸಾಬೂನಿನಿಂದ ತೊಳೆಯಲಿ. ಆಮೇಲಿನ ದಿನಗಳಲ್ಲಿ ಜ್ವರ ಬಂದರೆ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ಹೇಳಿರಿ.